ನೈಟ್ರಿಕ್ ಆಕ್ಸೈಡ್ ಅಳೆಯುವ ಕಿಟ್: ಬಾಟಲಿ ಒಳ್ಳೆಯದು, ಲೇಬಲ್ ಸುಳ್ಳು

ಮೊದಲೇ ಹೇಳಿಬಿಡುತ್ತೇನೆ, ಈ ಕಿಟ್ ಕೆಟ್ಟದ್ದಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆಯಲ್ಲಿ ಒಂದು ಹೋದದ್ದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ ಎರಡು ಪದಗಳಿಗೆ: ನೈಟ್ರಿಕ್ ಆಕ್ಸೈಡ್. ಆ ಪದಗಳಿಗೂ ಒಳಗಿರುವ ಬಾಟಲಿಗಳಿಗೂ ನಡುವೆ ಒಂದು ಕಂದಕ ಇದೆ. ಮೂರು ವಾರ ನಾನು ಅದರಲ್ಲಿ ಬಿದ್ದಿದ್ದೆ. ಕೊನೆಗೆ ನೋಡಿದರೆ ಆ ಕಂದಕದ ತುಂಬ ಇದ್ದದ್ದು ಗಂಧಕ.

ನಾನು ಲ್ಯಾಬ್ ಟೆಕ್ನಿಷಿಯನ್. ಹನ್ನೊಂದು ವರ್ಷದಿಂದ ಕೋಶಗಳಿಗೆ ಊಟ ಹಾಕುವುದು, ಪ್ಲೇಟ್ ಓದುವುದು, ಫ್ರಿಜ್‌ನಲ್ಲಿ ಹೆಸರಿಲ್ಲದ ಟ್ಯೂಬ್ ಇಟ್ಟವರನ್ನು ಹುಡುಕುವುದು, ಇದೇ ಕೆಲಸ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಈ ಹೆಸರಿನಲ್ಲಿ ಸಿಗುವ ಕಿಟ್‌ಗಳಲ್ಲಿ ನಾನು ಬಳಸಿದವೆಲ್ಲ ಒಳಗೆ ಒಂದೇ. ಡಬ್ಬದ ಬಣ್ಣ ಮಾತ್ರ ಬೇರೆ.

ಒಳಗೆ ಮೂರು ಬಾಟಲಿ. ಒಂದರಲ್ಲಿ ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿದ ಸಲ್ಫನಿಲಮೈಡ್. ಇನ್ನೊಂದು ಕಂದು ಗಾಜಿನ ಬಾಟಲಿ, ಅದರಲ್ಲಿ ನ್ಯಾಫ್ಥೈಲ್ ಎಥಿಲೀನ್ ಡೈಅಮೈನ್. ಲ್ಯಾಬಿನಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಎನ್‌ಇಡಿ ಅಂದರೆ ಸಾಕು. ಮೂರನೆಯದು ಸೋಡಿಯಂ ನೈಟ್ರೈಟ್, ಹೋಲಿಸಿ ನೋಡಲು ಅಳತೆಗೋಲು. ಜೊತೆಗೆ ಎರಡು 96 ಗುಳಿಯ ಪ್ಲೇಟ್, ಒಂದು ಹಾಳೆ ಸೂಚನೆ. ಪ್ಯಾಕಿಂಗ್ ಅಚ್ಚುಕಟ್ಟು. ಒಂದು ಹನಿಯೂ ಸೋರಿರಲಿಲ್ಲ.

ಕೆಲಸ ಮಾಡುವ ರೀತಿ ಸರಳ. ಆಮ್ಲದಲ್ಲಿ ನೈಟ್ರೈಟ್ ಹೋಗಿ ಸಲ್ಫನಿಲಮೈಡ್‌ಗೆ ಅಂಟಿಕೊಂಡು ಡಯಾಜೋನಿಯಂ ಲವಣ ಆಗುತ್ತದೆ. ಅದು ಎನ್‌ಇಡಿಯನ್ನು ಹಿಡಿದುಕೊಂಡರೆ ಗುಲಾಬಿ ಬಣ್ಣ. 540 ನ್ಯಾನೋಮೀಟರ್‌ನಲ್ಲಿ ಓದಿದರೆ ಮುಗಿಯಿತು. ಇದರ ಮೂಲಪುರುಷ ಪೀಟರ್ ಗ್ರೀಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. ಡಯಾಜೋ ಸಂಯುಕ್ತಗಳ ಬಗ್ಗೆ 1858ರಲ್ಲಿ ಮೊದಲು ಬರೆದ. ಆಮೇಲೆ ಇಂಗ್ಲೆಂಡಿನ ಬರ್ಟನ್‌ನಲ್ಲಿ ಒಂದು ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುಕೊಂಡೇ 1879ರಲ್ಲಿ ನೈಟ್ರೈಟ್ ಪರೀಕ್ಷೆ ಕೊಟ್ಟ. ಆಗ ಬಳಸಿದ ರಾಸಾಯನಿಕಗಳು ಸ್ವಲ್ಪ ಬೇರೆ. ಉಪಾಯ ಮಾತ್ರ ಅದೇ. ಇಷ್ಟು ವರ್ಷ ಬದುಕಿದೆ ಅಂದರೆ ಅದರಲ್ಲಿ ಸತ್ವ ಇದೆ ಅಂತಲೇ ಅರ್ಥ.

ನೈಟ್ರೈಟ್ ಅಳೆಯುವುದರಲ್ಲಿ ಈ ಕಿಟ್‌ಗೆ ಪೂರ್ತಿ ಅಂಕ. 100 ಮೈಕ್ರೋಮೋಲಾರ್‌ನಿಂದ (ದ್ರಾವಣ ಎಷ್ಟು ಗಟ್ಟಿ ಅಂತ ಹೇಳುವ ಅಳತೆ, ಇದರ ಸಾವಿರ ಪಟ್ಟು ಮಿಲಿಮೋಲಾರ್) ಶುರು ಮಾಡಿ ಅರ್ಧರ್ಧ ಮಾಡುತ್ತ ಬಂದೆ. ಗೆರೆ ದಾರ ಎಳೆದ ಹಾಗೆ ನೇರ. ಸುಮಾರು 1 ಮೈಕ್ರೋಮೋಲಾರ್ ತನಕ ನಂಬಬಹುದು, ಅದಕ್ಕಿಂತ ಕೆಳಗೆ ಕಣ್ಣುಮುಚ್ಚಾಲೆ. ಒಂದು ಕಿವಿಮಾತು: ಸೂಚನೆಯಲ್ಲಿ ಎರಡೂ ಬಾಟಲಿ ಮೊದಲೇ ಬೆರೆಸಿ ಹಾಕಬಹುದು ಎಂದಿದೆ. ಹಾಗೆ ಮಾಡಬೇಡಿ. ಮೊದಲು ಸಲ್ಫನಿಲಮೈಡ್ ಹಾಕಿ, ಐದು ಹತ್ತು ನಿಮಿಷ ಕತ್ತಲಲ್ಲಿಡಿ, ಆಮೇಲೆ ಎನ್‌ಇಡಿ. ಒಟ್ಟಿಗೆ ಹಾಕಿದರೆ ಎನ್‌ಇಡಿಯೇ ನೈಟ್ರೈಟ್‌ಗೆ ಕೈ ಹಾಕುತ್ತದೆ, ಬಣ್ಣ ಕಡಿಮೆ ಬರುತ್ತದೆ.

ಈಗ ಜಗಳಕ್ಕೆ ಬರೋಣ.

ನೈಟ್ರಿಕ್ ಆಕ್ಸೈಡ್ ಬೇರೆ, ನೈಟ್ರೈಟ್ ಬೇರೆ. ನೈಟ್ರಿಕ್ ಆಕ್ಸೈಡ್ ಅಂದರೆ ಒಂದು ಸಾರಜನಕ, ಒಂದು ಆಮ್ಲಜನಕ, ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್. ನಮ್ಮ ರಕ್ತನಾಳದ ಒಳಪದರ ಅದನ್ನು ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ತಯಾರಿಸುತ್ತದೆ. ಅದು ಪಕ್ಕದ ಸ್ನಾಯುಕೋಶಕ್ಕೆ ಜಾರಿಕೊಂಡು ಹೋಗಿ, ಅಲ್ಲಿನ ಗ್ವಾನಿಲೇಟ್ ಸೈಕ್ಲೇಸ್ ಕಿಣ್ವದ ಹೀಮ್ ಕಬ್ಬಿಣಕ್ಕೆ ಅಂಟಿ, ಸ್ನಾಯು ಸಡಿಲ ಮಾಡುತ್ತದೆ. ಇದಕ್ಕೇ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ ನೊಬೆಲ್ ಬಂತು. ಫರ್ಚ್‌ಗಾಟ್‌ಗೆ ಮೊದಲ ಸುಳಿವು ಸಿಕ್ಕಿದ್ದು ಅವರ ಟೆಕ್ನಿಷಿಯನ್ ಪ್ರಯೋಗದ ಹೆಜ್ಜೆ ತಪ್ಪಿಸಿದ್ದರಿಂದ. ಈ ಕಥೆ ನನಗೆ ಬಹಳ ಇಷ್ಟ. ಪ್ರತಿ ವರ್ಷ ಅಪ್ರೈಸಲ್ ಹೊತ್ತಿಗೆ ನೆನಪಿಸುತ್ತೇನೆ.

ಆದರೆ ಈ ಅಣು ನಿಲ್ಲುವ ಜಾತಿಯದ್ದಲ್ಲ. ಜೀವಕೋಶದ ಆಸುಪಾಸಿನಲ್ಲಿ ಕೆಲವು ಸೆಕೆಂಡ್, ರಕ್ತದಲ್ಲಿ ಅದಕ್ಕೂ ಕಡಿಮೆ. ನೀರಿನಲ್ಲಿ ಬರೀ ಆಮ್ಲಜನಕ ಸಿಕ್ಕರೆ ನೈಟ್ರೈಟ್ ಆಗುತ್ತದೆ. ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಸಿಕ್ಕರೆ ನೈಟ್ರೇಟ್. ಸೂಪರ್ ಆಕ್ಸೈಡ್ ಸಿಕ್ಕರೆ ಪೆರಾಕ್ಸಿನೈಟ್ರೈಟ್ ಎಂಬ ಪುಂಡ. ಅದರ ಆಕ್ಸೈಡ್ ರೂಪಗಳಿಗೆ ಗಂಧಕ ಸಿಕ್ಕರೆ ನೈಟ್ರೋಸೋಥಯಾಲ್. ಇಷ್ಟು ದಾರಿಗಳಲ್ಲಿ ಮೊದಲನೆಯದನ್ನು ಮಾತ್ರ ಈ ಕಿಟ್ ನೋಡುತ್ತದೆ. ಒಲೆ ಆರಿದ ಮೇಲೆ ಬೂದಿ ತೂಗಿ ಉರಿ ಎಷ್ಟಿತ್ತು ಅಂತ ಹೇಳಿದ ಹಾಗೆ. ಬೂದಿ ಪೂರ್ತಿ ಅಲ್ಲೇ ಇದ್ದರೆ ಸರಿ. ಗಾಳಿಗೆ ಹಾರಿಹೋಗಿದ್ದರೆ?

ನೈಟ್ರೇಟ್ ವಿಷಯ ಬೇಗ ಮುಗಿಸುತ್ತೇನೆ. ಅದಕ್ಕೆ ಕಂಪನಿಯವರು ಪ್ರತ್ಯೇಕವಾಗಿ ನೈಟ್ರೇಟ್ ರಿಡಕ್ಟೇಸ್ ಕಿಣ್ವ ಮಾರುತ್ತಾರೆ. ಅದು ನೈಟ್ರೇಟನ್ನು ನೈಟ್ರೈಟ್ ಮಾಡಿಕೊಡುತ್ತದೆ. ನಮ್ಮ ಜೂನಿಯರ್ ಹುಡುಗಿ ಉತ್ಸಾಹದಲ್ಲಿ ಅದನ್ನು ಹಾಕಿದಳು. ಕೋಶವೇ ಇಲ್ಲದ ಗುಳಿಗಳೂ ಸೇರಿ ಪ್ಲೇಟ್ ಪೂರ್ತಿ ಕಡು ಗುಲಾಬಿ. “ಅಕ್ಕಾ, ಸೂಪರ್ ರಿಸಲ್ಟ್” ಅಂತ ಓಡಿ ಬಂದಳು. ನಾವು ಕೋಶ ಬೆಳೆಸುವುದು ಆರ್‌ಪಿಎಂಐ 1640 ದ್ರಾವಣದಲ್ಲಿ. ಅದರಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಮೊದಲೇ ಇರುತ್ತದೆ. ಅವಳು ಅಳೆದದ್ದು ದ್ರಾವಣ ಮಾಡಿದವರ ಪಾಕವಿಧಾನವನ್ನು! ಸೂಚನೆ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲು ಹಾಕಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಇರುವ ಮಾದರಿ ಈ ಆಮ್ಲದಲ್ಲಿ ಮಬ್ಬಾಗುತ್ತದೆ, ಅದನ್ನೂ ಹೇಳಿಲ್ಲ.

ಗಂಧಕದ ಕಥೆ ಅಷ್ಟು ಬೇಗ ಮುಗಿಯುವುದಿಲ್ಲ.

ನಾವು ಬಳಸುವುದು ರಾ 264.7 ಎಂಬ ಇಲಿಯ ಮ್ಯಾಕ್ರೋಫೇಜ್ ಕೋಶಗಳು, ಅಂದರೆ ರೋಗಾಣು ನುಂಗುವ ಕಾವಲು ಕೋಶಗಳು. ಬ್ಯಾಕ್ಟೀರಿಯಾದ ಹೊರಪದರದ ತುಣುಕು, ಅಂದರೆ ಎಲ್‌ಪಿಎಸ್, ತೋರಿಸಿದರೆ ಸಿಟ್ಟಿಗೆದ್ದು ನೈಟ್ರಿಕ್ ಆಕ್ಸೈಡ್ ಸುರಿಯುತ್ತವೆ. ಮರುದಿನ ದ್ರಾವಣದಲ್ಲಿ ಹತ್ತಾರು ಮೈಕ್ರೋಮೋಲಾರ್ ನೈಟ್ರೈಟ್ ಸಿಗುತ್ತದೆ. ನಮ್ಮ ಗೈಡ್‌ಗೆ ಒಂದು ಪ್ರಶ್ನೆ ಇತ್ತು. ಇದೇ ಕೋಶಗಳಿಗೆ ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟರೆ ಏನಾಗುತ್ತದೆ? ಅದು ಗಂಧಕ-ಹೈಡ್ರೋಜನ್ ಗುಂಪು ಇರುವ ಥಯಾಲ್. 5 ಮಿಲಿಮೋಲಾರ್ ಹಾಕಿದೆವು. ಗುಲಾಬಿ ಬಣ್ಣ ಚೆನ್ನಾಗಿಯೇ ಇಳಿಯಿತು. ಮತ್ತೆ ಮಾಡಿದೆವು, ಮತ್ತೆ ಇಳಿಯಿತು. ಗೈಡ್ ಆಗಲೇ ಬೋರ್ಡ್ ಮೇಲೆ ಬಾಣದ ಗುರುತು ಹಾಕಿ, ಥಯಾಲ್ ಕೊಟ್ಟರೆ ನೈಟ್ರಿಕ್ ಆಕ್ಸೈಡ್ ತಯಾರಿಕೆ ನಿಲ್ಲುತ್ತದೆ ಅಂತ ಬರೆದಾಗಿತ್ತು.

ನನಗೆ ಮಾತ್ರ ಸಮಾಧಾನ ಇರಲಿಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಎಷ್ಟಿದೆ ಅಂತ, ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡಿ ನೋಡಿದೆ. ಪಟ್ಟಿ ಸ್ವಲ್ಪ ಮಂಕಾಗಿತ್ತು ನಿಜ. ಆದರೆ ಗುಲಾಬಿ ಇಳಿದ ಲೆಕ್ಕಕ್ಕೆ ಅದು ಸಾಲದು. ಆಗ ಒಂದು ಸಂಜೆ ಸುಮ್ನೆ ಒಂದು ಕೆಲಸ ಮಾಡಿದೆ. ಕೋಶವೇ ಇಲ್ಲದ ದ್ರಾವಣ ತೆಗೆದುಕೊಂಡು, ನಾನೇ ಅಳೆದು 20 ಮೈಕ್ರೋಮೋಲಾರ್ ನೈಟ್ರೈಟ್ ಹಾಕಿದೆ. ಒಂದರಲ್ಲಿ ಥಯಾಲ್ ಇಲ್ಲ, ಇನ್ನೊಂದರಲ್ಲಿ ಇದೆ. ಎರಡರಲ್ಲೂ 20 ಬರಬೇಕು, ಅಲ್ವಾ? ಮೊದಲನೆಯದು 20 ಅಂತು. ಎರಡನೆಯದು 14 ಚಿಲ್ಲರೆ. ಅಲ್ಲಿ ಕಿಣ್ವವೂ ಇಲ್ಲ, ಕೋಶವೂ ಇಲ್ಲ. ನೈಟ್ರೈಟ್ ಹೋದದ್ದು ಎಲ್ಲಿಗೆ?

ಹೋದದ್ದು ಗಂಧಕಕ್ಕೆ. ಕಿಟ್‌ನ ಆಮ್ಲದಲ್ಲಿ ನೈಟ್ರೈಟ್ ನೈಟ್ರಸ್ ಆಮ್ಲವಾಗುತ್ತದೆ. ಅದಕ್ಕೆ ಸಲ್ಫನಿಲಮೈಡ್ ಒಂದೇ ಗಿರಾಕಿ ಅಲ್ಲ. ಥಯಾಲ್ ಕೂಡ ಅದನ್ನು ಆಸೆಯಿಂದ ಹಿಡಿದುಕೊಂಡು ನೈಟ್ರೋಸೋಥಯಾಲ್ ಆಗುತ್ತದೆ. ಅಂದರೆ ನಾವು ಕಂಡುಹಿಡಿದೆವು ಎಂದುಕೊಂಡ ಇಳಿಕೆಯ ಒಂದು ದೊಡ್ಡ ಪಾಲು ಕೋಶದಲ್ಲಿ ನಡೆದದ್ದೇ ಅಲ್ಲ. ಪ್ಲೇಟಿನ ಗುಳಿಯಲ್ಲಿ, ನಮ್ಮ ಕಣ್ಣೆದುರೇ ನಡೆದದ್ದು. ತಮಾಷೆ ನೋಡಿ, ಸಲ್ಫನಿಲಮೈಡ್‌ನಲ್ಲೂ ಗಂಧಕ ಇದೆ. ಆದರೆ ಅದರ ಸುತ್ತ ಆಮ್ಲಜನಕ ಕೂತು ಅದನ್ನು ಸಾಧು ಮಾಡಿಬಿಟ್ಟಿದೆ. ಥಯಾಲ್‌ನ ಗಂಧಕ ಹಾಗಲ್ಲ, ಅದಕ್ಕೆ ಕೈ ಬಾಯಿ ಎರಡೂ ಜಾಸ್ತಿ.

ಹೊರಗಿನಿಂದ ಹಾಕಿದರೆ ಮಾತ್ರ ಈ ತೊಂದರೆ ಅಂದುಕೊಳ್ಳಬೇಡಿ. ನಮ್ಮ ಪ್ರತಿ ಜೀವಕೋಶದ ಒಳಗೂ ಗ್ಲುಟಾಥಯೋನ್ ಎಂಬ ಥಯಾಲ್ 1ರಿಂದ 10 ಮಿಲಿಮೋಲಾರ್ ಇರುತ್ತದೆ. ಕೋಶ ಒಡೆದು ಆ ರಸ ಅಳೆಯಲು ಹೊರಟರೆ, ಮೇಲಿಂದ ಒಡೆಯುವ ದ್ರಾವಣದಲ್ಲಿ ಡಿಟಿಟಿ ಎಂಬ ಇನ್ನೊಂದು ಥಯಾಲ್ ಬೇರೆ ಇದ್ದರೆ, ಬಂದ ಸಂಖ್ಯೆಯನ್ನು ಮೂಸಿ ನೋಡದೆ ನಂಬಬೇಡಿ. ನಾನೀಗ ಮಾಡುವುದು ಎರಡರಲ್ಲಿ ಒಂದು ಕೆಲಸ. ಅಳತೆಗೋಲಿನ ನೈಟ್ರೈಟನ್ನೂ ಅದೇ ಥಯಾಲ್ ಇರುವ ದ್ರಾವಣದಲ್ಲೇ ತಯಾರಿಸುತ್ತೇನೆ. ಇಲ್ಲವೇ, ಆಮ್ಲ ಹಾಕುವ ಮೊದಲೇ ಎನ್-ಈಥೈಲ್ ಮಲೈಮೈಡ್ ಹಾಕಿ ಥಯಾಲ್‌ನ ಬಾಯಿ ಮುಚ್ಚಿಸುತ್ತೇನೆ. ಎರಡೂ ಕಿಟ್‌ನ ಹಾಳೆಯಲ್ಲಿ ಇಲ್ಲ. ಕಂಪನಿಗೆ ಬರೆದು ಕೇಳಿದ್ದಕ್ಕೆ ‘ನಮ್ಮ ಉತ್ಪನ್ನ ಎಲ್ಲ ಜೈವಿಕ ಮಾದರಿಗಳಿಗೂ ಸೂಕ್ತ’ ಎಂಬ ಉತ್ತರ ಬಂತು. ಎಲ್ಲ ಅಂತೆ!

ಸರಿ, ಗಂಧಕ ಹಿಡಿದುಕೊಂಡ ಪಾಲನ್ನು ಅಳೆಯಲು ದಾರಿಯೇ ಇಲ್ಲವೇ? ಇದೆ, ಅದೂ ಇದೇ ಬಾಟಲಿಗಳಲ್ಲಿ. ಕಿಟ್‌ನ ಮೇಲೆ ನನಗೆ ಮತ್ತೆ ಪ್ರೀತಿ ಹುಟ್ಟಿದ್ದು ಇಲ್ಲೇ. 1958ರಲ್ಲಿ ಸ್ಯಾವಿಲ್ ಎಂಬಾತ ತೋರಿಸಿದ ಉಪಾಯ. ಸಲ್ಫನಿಲಮೈಡ್ ಜೊತೆ ಒಂದಿಷ್ಟು ಪಾದರಸದ ಕ್ಲೋರೈಡ್ ಹಾಕುವುದು. ಪಾದರಸಕ್ಕೆ ಗಂಧಕ ಕಂಡರೆ ಪ್ರಾಣ. ಹಳೆಯ ರಸಾಯನಶಾಸ್ತ್ರಜ್ಞರು ಥಯಾಲ್‌ಗಳನ್ನು ಮರ್ಕ್ಯಾಪ್ಟನ್ ಎಂದು ಕರೆದದ್ದೇ ಅದಕ್ಕೆ. ಲ್ಯಾಟಿನ್‌ನಲ್ಲಿ ಪಾದರಸ ಹಿಡಿಯುವಂಥದ್ದು ಎಂಬ ಅರ್ಥ, ಡೆನ್ಮಾರ್ಕಿನ ಝೈಸೆ ಇಟ್ಟ ಹೆಸರು. ಪಾದರಸ ಬಂದು ಗಂಧಕವನ್ನು ಎಳೆದುಕೊಂಡರೆ ಅದಕ್ಕೆ ಅಂಟಿದ್ದ ನೈಟ್ರೋಸೋ ಭಾಗ ಕಳಚಿ ಮತ್ತೆ ಬಣ್ಣಕ್ಕೆ ಸಿಗುತ್ತದೆ. ಪಾದರಸ ಹಾಕಿದ ಗುಳಿಯಲ್ಲಿ ಬಂದದ್ದರಿಂದ ಹಾಕದ ಗುಳಿಯಲ್ಲಿ ಬಂದದ್ದನ್ನು ಕಳೆದರೆ ಉಳಿಯುವುದೇ ನೈಟ್ರೋಸೋಥಯಾಲ್.

ಪರೀಕ್ಷಿಸಲು ನೈಟ್ರೋಸೋ ಗ್ಲುಟಾಥಯೋನ್ ನಾನೇ ಮಾಡಿಕೊಂಡೆ. ಮಂಜುಗಡ್ಡೆಯ ಮೇಲೆ ಆಮ್ಲದಲ್ಲಿ ಗ್ಲುಟಾಥಯೋನ್, ಅದರ ಸಮ ಪ್ರಮಾಣದ ನೈಟ್ರೈಟ್. ಮುಕ್ಕಾಲು ಗಂಟೆಯಲ್ಲಿ ಕೆಂಪಗೆ ತಿರುಗಿತು. ಅಸಿಟೋನ್ ಹಾಕಿದರೆ ತಳದಲ್ಲಿ ನಸುಗೆಂಪು ಪುಡಿ. ಕಿಟ್ ಕೊಡುವ ಗುಲಾಬಿ ಬಣ್ಣವೇ ಇದು ಅಂತ ಜೂನಿಯರ್ ಹೇಳಿದಳು. ಅಲ್ಲ. ಕಿಟ್‌ನ ಆಜೋ ಬಣ್ಣ ಇದಕ್ಕಿಂತ ಸಾವಿರಾರು ಪಟ್ಟು ಗಾಢ. ಇದು 335 ನ್ಯಾನೋಮೀಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಕಾಣುವ ಕೆಂಪು ಬರೀ ನೆರಳು. ಬೆಳಕು ಬಿದ್ದರೆ ಹಾಳು, ತಾಮ್ರದ ಸೋಂಕು ತಗುಲಿದರೂ ಹಾಳು. ಹಾಗಾಗಿ ಅಲ್ಯೂಮಿನಿಯಂ ಹಾಳೆ ಸುತ್ತಿ ಡೀಪ್ ಫ್ರೀಜರ್‌ಗೆ. ಅದರ ದ್ರಾವಣವನ್ನು ಬರೀ ಕಿಟ್‌ನಲ್ಲಿ ಓದಿದರೆ ಹೆಚ್ಚುಕಡಿಮೆ ಏನೂ ಇಲ್ಲ. ಪಾದರಸ ಸೇರಿಸಿದರೆ ಭಗ್ಗನೆ ಗುಲಾಬಿ. ಇಷ್ಟು ವರ್ಷದ ಕೆಲಸದಲ್ಲಿ ಒಂದು ಪ್ಲೇಟ್ ನೋಡಿ ಜೋರಾಗಿ ನಕ್ಕಿದ್ದು ಅದೇ ಮೊದಲು.

ಆದರೆ ಒಂದು ಎಚ್ಚರಿಕೆ. ಇದು ಬಾಟಲಿಯಲ್ಲಿ ಮಾಡಿದ ದ್ರಾವಣಕ್ಕೆ ಸರಿ. ನಿಜವಾದ ಕೋಶದಲ್ಲಿ, ರಕ್ತದಲ್ಲಿ ನೈಟ್ರೋಸೋಥಯಾಲ್ ಇರುವುದು ಈ ಕಿಟ್‌ನ ಕಣ್ಣಿಗೆ ಬೀಳದಷ್ಟು ಕಡಿಮೆ. ಅದಕ್ಕೆ ಓಝೋನ್ ಜೊತೆ ನೈಟ್ರಿಕ್ ಆಕ್ಸೈಡ್ ಸೇರಿದಾಗ ಬರುವ ಬೆಳಕನ್ನು ಅಳೆಯುವ ಯಂತ್ರವೇ ಬೇಕು. ಪಾದರಸದ ತ್ಯಾಜ್ಯವನ್ನು ಸಿಂಕಿಗೆ ಸುರಿಯುವ ಹಾಗಿಲ್ಲ, ಅದಕ್ಕೆ ಬೇರೆ ಡಬ್ಬ ಇಡಿ.

ಇನ್ನು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅದನ್ನೂ ನಮ್ಮ ಕೋಶಗಳು ಸಿಸ್ಟೀನ್‌ನಿಂದ ತಾವೇ ತಯಾರಿಸುತ್ತವೆ. ಅದು ಮಿದುಳಿನಲ್ಲಿ ಸಂದೇಶದ ಕೆಲಸ ಮಾಡಬಹುದು ಅಂತ 1996ರಲ್ಲಿ ಅಬೆ ಮತ್ತು ಕಿಮುರಾ ಹೇಳಿದರು. ಮರುವರ್ಷವೇ ಅದು ನೈಟ್ರಿಕ್ ಆಕ್ಸೈಡ್ ಜೊತೆ ಕೈಜೋಡಿಸಿ ರಕ್ತನಾಳ ಸಡಿಲಿಸುತ್ತದೆ ಎಂಬ ವರದಿಯೂ ಬಂತು. ನಮ್ಮ ಗೈಡ್‌ಗೆ ಇದರ ಮೇಲೆ ಕಣ್ಣು. ಹಾಗಾಗಿ ಜೂನಿಯರ್ ಒಂದು ದಿನ ನನ್ನ ನೈಟ್ರೋಸೋ ಗ್ಲುಟಾಥಯೋನ್‌ಗೆ ಸೋಡಿಯಂ ಸಲ್ಫೈಡ್ ಜಾಸ್ತಿಯೇ ಬೆರೆಸಿದಳು. ನಸುಗೆಂಪು ನಿಮಿಷಗಳಲ್ಲಿ ಹಳದಿಯಾಯಿತು. ಯಂತ್ರದ ಗೆರೆಯಲ್ಲಿ 412 ನ್ಯಾನೋಮೀಟರ್ ಹತ್ತಿರ ಒಂದು ಗುಡ್ಡ ಎದ್ದಿತು. ಸಲ್ಫೈಡ್ ಬಂದು ನೈಟ್ರೋಸೋ ಗುಂಪನ್ನು ಕಸಿದುಕೊಂಡರೆ ಮೊದಲು ಎಚ್‌ಎಸ್‌ಎನ್‌ಒ ಎಂಬ ಪುಟ್ಟ ಅಣು. ನೈಟ್ರೋಸೋಥಯಾಲ್‌ಗಳಲ್ಲೇ ಅತಿ ಚಿಕ್ಕದು, ಬಾಳಿಕೆಯೂ ಕಡಿಮೆ. ಆಮೇಲೆ ಇನ್ನೊಂದು ಗಂಧಕ ಸೇರಿ ನೈಟ್ರೋಸೋಪರ್‌ಸಲ್ಫೈಡ್. ಆ ಹಳದಿ ಅದರದ್ದು. ಜೊತೆಗೆ ಪಾಲಿಸಲ್ಫೈಡ್‌ಗಳೂ ಇರುತ್ತವೆ. ಕೋಶದ ಒಳಗೆ ಇವು ಎಷ್ಟು ಹೊತ್ತು ಬಾಳುತ್ತವೆ ಎಂಬುದರ ಮೇಲೆ ತಜ್ಞರಲ್ಲೇ ಜಗಳ ಇದೆ. ನನ್ನ ಟ್ಯೂಬಿನಲ್ಲಂತೂ ಹಳದಿ ಊಟದ ಹೊತ್ತಿನ ತನಕ ಇತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳು ಅದನ್ನೇ ಪ್ಲೇಟಿಗೆ ಹಾಕಿ ಮೇಲೆ ಕಿಟ್‌ನ ಆಮ್ಲ ಸುರಿದಳು, ತೆರೆದ ಮೇಜಿನ ಮೇಲೆ. ಸಲ್ಫೈಡ್ ಮೇಲೆ ಆಮ್ಲ ಬಿದ್ದರೆ ಅದು ಅನಿಲವಾಗಿ ಎದ್ದು ಬರುತ್ತದೆ. ಇಡೀ ಕೋಣೆ ಮೂಗು ಮುಚ್ಚಿಕೊಂಡಿತು. ಅಳತೆ ಸಣ್ಣದಿತ್ತು, ವಾಸನೆಯಲ್ಲೇ ಮುಗಿಯಿತು. ಆದರೆ ಇದು ನಗುವ ವಿಷಯ ಅಲ್ಲ. ಈ ಅನಿಲ ಮೈಟೊಕಾಂಡ್ರಿಯಾದ ಉಸಿರಾಟದ ಕೊನೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಭಾಗ ಆದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಗಾಳಿ ಶುದ್ಧವಾಯಿತು ಅಂತ ಅಂದುಕೊಂಡವರು ಕೆಡುತ್ತಾರೆ. ಫ್ಯೂಮ್ ಹುಡ್ (ಅನಿಲವನ್ನು ಹೊರಗೆ ಎಳೆಯುವ ಗೂಡು) ಒಳಗೆ ಮಾಡಿ ಎಂಬ ಒಂದು ಸಾಲು ಹಾಳೆಯಲ್ಲಿ ಇರಲೇಬೇಕಿತ್ತು. ಉಳಿದ ಅರ್ಧ ಅಂಕ ಕತ್ತರಿಸಿದ್ದು ಇದಕ್ಕೇ.

ಆ ಪ್ಲೇಟಿನ ಓದು ಹೇಗಿತ್ತು ಅಂತೀರಾ? ಜಾಸ್ತಿ ಬಂತು. ಆಮ್ಲದಲ್ಲಿ ಪಾಲಿಸಲ್ಫೈಡ್ ಒಡೆದು ಗಂಧಕದ ನುಣ್ಣನೆ ಕಣಗಳಾಗಿ ಗುಳಿ ಹಾಲಿನ ಹಾಗೆ ಮಬ್ಬಾಗಿತ್ತು. ಯಂತ್ರ ಮಬ್ಬನ್ನೇ ಬಣ್ಣ ಅಂತ ಓದಿತ್ತು. ಒಂದು ಗಂಧಕ ಓದನ್ನು ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಈಗ ನಾನು ಪ್ರತಿ ಪ್ಲೇಟನ್ನೂ 690 ನ್ಯಾನೋಮೀಟರ್‌ನಲ್ಲಿ ಇನ್ನೊಮ್ಮೆ ಓದಿ ಕಳೆಯುತ್ತೇನೆ. ಆಜೋ ಬಣ್ಣ ಅಲ್ಲಿ ಕಾಣುವುದಿಲ್ಲ, ಮಬ್ಬು ಕಾಣುತ್ತದೆ.

ಇದೇ ಕಂಪನಿ ಹೈಡ್ರೋಜನ್ ಸಲ್ಫೈಡ್‌ಗೂ ಒಂದು ಕಿಟ್ ಮಾರುತ್ತದೆ, ಮೆಥಿಲೀನ್ ಬ್ಲೂ ಬಣ್ಣ ಬರುವಂಥದ್ದು. ಅದರ ರೋಗವೂ ಇದೇ. ಆ ಕಿಟ್‌ನ ಗಡುಸು ಆಮ್ಲ ಪ್ರೋಟೀನ್‌ಗಳ ಕಬ್ಬಿಣ-ಗಂಧಕ ಗುಚ್ಛಗಳನ್ನೇ ಒಡೆದು, ಇಲ್ಲದ ಸಲ್ಫೈಡನ್ನು ಇದೆ ಅಂತ ತೋರಿಸುತ್ತದೆ. ರಕ್ತದಲ್ಲಿ ಹತ್ತಾರು ಮೈಕ್ರೋಮೋಲಾರ್ ಸಲ್ಫೈಡ್ ಇದೆ ಅಂತ ಬಹಳ ಕಾಲ ಬರೆಯುತ್ತಿದ್ದರು. ಅಷ್ಟಿದ್ದರೆ ರಕ್ತ ತೆಗೆಯುವವರು ಪ್ರತಿ ಸಲ ಮೂಗು ಮುಚ್ಚಬೇಕಿತ್ತು. ಮೋನೋಬ್ರೋಮೋಬೈಮೇನ್‌ನಂಥ ಮೃದು ವಿಧಾನ ಬಂದ ಮೇಲೆ ಅದು 1 ಮೈಕ್ರೋಮೋಲಾರ್‌ಗಿಂತ ಕೆಳಕ್ಕೆ ಇಳಿಯಿತು. ಆ ಕಿಟ್ ನಾನು ತರಿಸಲಿಲ್ಲ, ತರಿಸುವುದೂ ಇಲ್ಲ.

ಇದನ್ನು ಯಾರು ಕೊಳ್ಳಬಹುದು? ಹೊರಗಿನ ದ್ರಾವಣದಲ್ಲಿ ಸೇರುವ ನೈಟ್ರೈಟ್ ಅಳೆಯುವವರು, ಥಯಾಲ್ ಏನೂ ಹಾಕದವರು, ಧಾರಾಳವಾಗಿ ಕೊಳ್ಳಿ. ಎಲ್-ನೇಮ್ ಹಾಕಿ ಕಿಣ್ವ ನಿಲ್ಲಿಸಿದ ಒಂದು ಸಾಲು ಇಟ್ಟುಕೊಳ್ಳಿ, ಆಗ ಬಂದ ಗುಲಾಬಿ ನಿಜವಾಗಿ ಕಿಣ್ವದ್ದೇ ಅಂತ ಗೊತ್ತಾಗುತ್ತದೆ. ಫಿಲ್ಟರ್, ಟ್ಯೂಬ್, ನೀರು ಎಲ್ಲದರಲ್ಲೂ ನೈಟ್ರೈಟ್‌ನ ಸೋಂಕು ಇರಬಹುದು, ಖಾಲಿ ಗುಳಿ ಓದದೆ ಬಿಡಬೇಡಿ. ಗಂಧಕದ ಜೊತೆ ಕೆಲಸ ಮಾಡುವವರು ಮೊದಲ ದಿನವೇ ನನ್ನ ಹಾಗೆ 20 ಹಾಕಿ 20 ಬರುತ್ತದಾ ನೋಡಿ.

ಗೈಡ್ ಬೋರ್ಡಿನ ಬಾಣವನ್ನು ಅಳಿಸಲಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನಮ್ಮ ಕಿಟ್‌ನ ಎನ್‌ಇಡಿ ದ್ರಾವಣವೇ ಈಗ ಕಂದು ಬಣ್ಣಕ್ಕೆ ತಿರುಗಿದೆ, ಯಾರೋ ಬೆಳಕಿನಲ್ಲಿ ಮುಚ್ಚಳ ತೆರೆದಿಟ್ಟಿದ್ದಾರೆ. ಯಾರು ಅಂತ ಗೊತ್ತು. ಮುಂದಿನ ಸಲ ಪೂರ್ತಿ ಕಿಟ್ ತರಿಸದೆ ಪುಡಿಗಳನ್ನೇ ತರಿಸಿ ನಾವೇ ಕಲಸಿಕೊಳ್ಳುತ್ತೇವೆ. ಲೇಬಲ್ ನಾನೇ ಬರೆಯುತ್ತೇನೆ.